ಸರಗೂರಿನ ಕಲ್ಲಿಗಿಂತ ಹಳೆಯದು

ಎಚ್.ಡಿ. ಕೋಟೆ ಸೀಮೆಯ ಊರೊಂದರ ಹೆಸರು ಜಗತ್ತಿನ ಹಲವು ಭೂವಿಜ್ಞಾನಿಗಳಿಗೆ ಗೊತ್ತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರು ಅದು. ಕರ್ನಾಟಕದ ಅತಿ ಹಳೆಯ ಶಿಲೆಗಳ ಸಾಲಿನ ‘ಸರಗೂರು ಸಮೂಹ’ಕ್ಕೆ ಈ ಊರಿನದೇ ಹೆಸರು. ಆ ಕಲ್ಲುಗಳಿಗೆ 300 ಕೋಟಿ ವರ್ಷ ದಾಟಿದೆ. ಹಲ್ಮಿಡಿ ಶಾಸನದಿಂದ ಇಂದಿನವರೆಗೆ ಸುಮಾರು 1,600 ವರ್ಷ ಎನ್ನೋಣ. ಅಂಥ 19 ಲಕ್ಷ ಅವಧಿಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಅಲ್ಲಿಗೆ ಮುಟ್ಟುತ್ತೇವೆ. ಆ ಕಲ್ಲುಗಳಲ್ಲಿ ಇಂದು ಬೆಣಚುಶಿಲೆಯಾಗಿರುವುದು ಅಂದು ನೀರು ಹೊತ್ತು ತಂದ ಮರಳು.

ಆ ಮರಳು ಕಲ್ಲಾಗುವ ಹೊತ್ತಿಗೆ ಸೌರಮಂಡಲ ನೂರು ಕೋಟಿ ವರ್ಷ ಕಳೆದಾಗಿತ್ತು!

ಸೌರಮಂಡಲದ ವಯಸ್ಸು 456 ಕೋಟಿ 70 ಲಕ್ಷ ವರ್ಷ. ಅನಿಲ, ದೂಳುಗಳ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಸಿದು, ಸುತ್ತುತ್ತಾ ತಟ್ಟೆಯಾಯಿತು. ಅದರಿಂದ ಉಳಿದುಬಂದ ದ್ರವ್ಯರಾಶಿಯಲ್ಲಿ ಶೇ 99.86ರಷ್ಟು ಸೂರ್ಯನೇ. ಮಿಕ್ಕ ಚೂರುಪಾರಿನಲ್ಲಿ ದೊಡ್ಡ ಪಾಲು ಗುರು, ಶನಿಗಳಿಗೆ ಹೋಯಿತು. ಭೂಮಿಗೆ ದಕ್ಕಿದ್ದು ಸೂರ್ಯನ ಮೂರು ಲಕ್ಷದ ಮೂವತ್ತಮೂರು ಸಾವಿರದಲ್ಲಿ ಒಂದಂಶ.

ಆರಂಭದ ದೂಳಿನ ಕಣ ಎಷ್ಟು ಸಣ್ಣದು? ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹದಗೊಳಿಸುವ ಬ್ಯಾರನ್‌ಗಳಿಂದ ಏಳುವ ಸೌದೆಹೊಗೆಯ ಕಣದಷ್ಟು, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಅಂಥ ಕಣಗಳು ಅಂಟಿ, ಡಿಕ್ಕಿ ಹೊಡೆದು, ಒಂದನ್ನೊಂದು ನುಂಗಿ 12,742 ಕಿಲೋಮೀಟರ್ ವ್ಯಾಸದ ಭೂಮಿಯಾದವು. ಅಡ್ಡಳತೆಯಲ್ಲೇ ಹತ್ತು ಲಕ್ಷ ಕೋಟಿ ಪಟ್ಟಿಗೂ ಮಿಕ್ಕಿದ ಬೆಳವಣಿಗೆ! ಇಷ್ಟಕ್ಕೆ ಹಿಡಿದದ್ದು ಮೂರರಿಂದ ಹತ್ತು ಕೋಟಿ ವರ್ಷ. ನನಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ವಿಸ್ಮಯ ಈ ವೇಗವೇ. ಸರಗೂರಿನ ಕಲ್ಲು ಸುಮ್ಮನೆ ಬಿದ್ದುಕೊಂಡಿರುವ ಕಾಲದೊಳಗೆ ಇಂಥ ಮೂವತ್ತು ಭೂಮಿಗಳನ್ನು ಒಂದಾದ ಮೇಲೊಂದರಂತೆ ಕಟ್ಟಬಹುದಿತ್ತು.

ಈ ವಯಸ್ಸುಗಳನ್ನು ಹೇಳುವುದು ಯುರೇನಿಯಂ. ಸರಗೂರು ಸಮೂಹದ ಶಿಲೆಗಳೊಳಗಿನ ಜಿರ್ಕಾನ್ ಎಂಬ ಪುಟ್ಟ ಹರಳುಗಳಲ್ಲಿ ಅದು ನಿಧಾನವಾಗಿ ಸೀಸವಾಗುತ್ತಿದೆ. ಕೆಲವು ಹರಳುಗಳಿಗೆ 350 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಯುರೇನಿಯಂ-238 ಅರ್ಧಕ್ಕಿಳಿಯಲು ಬೇಕಾದ ಕಾಲ ಸುಮಾರು 447 ಕೋಟಿ ವರ್ಷ, ಹೆಚ್ಚುಕಡಿಮೆ ಸೌರಮಂಡಲದ್ದೇ ವಯಸ್ಸು. ಆದ್ದರಿಂದ ಹುಟ್ಟುವಾಗ ಭೂಮಿಗೆ ಸಿಕ್ಕಿದ್ದರಲ್ಲಿ ಅರ್ಧದಷ್ಟು ಇನ್ನೂ ಉಳಿದಿದೆ.

ಆ ಯುರೇನಿಯಂ ಸೂರ್ಯನಿಗಿಂತ ಹಳೆಯದು, ಹಿಂದೆಂದೋ ಅಳಿದ ನಕ್ಷತ್ರಗಳಲ್ಲಿ ಹುಟ್ಟಿದ್ದು. ಅದಕ್ಕೂ ಹಳೆಯದು ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯಲ್ಲಿದೆ. ಆ ನೀರಿನ ಹೈಡ್ರೋಜನ್ ವಿಶ್ವದ ಆರಂಭದ್ದು. ವಯಸ್ಸು ಸುಮಾರು 1,380 ಕೋಟಿ ವರ್ಷ.