ಬಂಜರು ನೆಲದ ಬಂಗಾರ: ತಂಗಡಿ

ಮಹಾನಗರವಾಸಿಗಳಾದ ನಮಗೆ ಗಿಡವೆಂದರೆ ಕುಂಡದಲ್ಲಿ ನೆಟ್ಟು, ನಿತ್ಯವೂ ನೀರೆರೆದು ಸಾಕಬೇಕಾದ ವಸ್ತು. ಆದರೆ ಯಾರ ಆರೈಕೆಯನ್ನೂ ಬಯಸದೆ ಬೆಳೆದು, ಅನೇಕ ಜೀವಿಗಳಿಗೆ ಅನ್ನವಿಕ್ಕುವ ಗಿಡಗಳೂ ಉಂಟು. ತಂಗಡಿಯು ಅಂಥವುಗಳಲ್ಲೊಂದು.

ಮಣಿಕೊಂಡ, ಖಾಜಾಗುಡಗಳ ನೆಲದಡಿಯಲ್ಲಿರುವುದು ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಗ್ರಾನೈಟ್ ಶಿಲೆ. ಅದರ ಮೇಲಿನ ಮಣ್ಣು ತೆಳುವಾದುದು. ತೇವವನ್ನು ಬಹುಕಾಲ ಹಿಡಿದಿಡಲಾರದು. ಇಂಥ ನೆಲಕ್ಕೆ ಹೇಳಿ ಮಾಡಿಸಿದ ಪೊದೆ ತಂಗಡಿ. ರಾಯಚೂರು, ಕಲಬುರಗಿ, ಬಳ್ಳಾರಿಗಳ ಕಡೆಯಿಂದ ಬಂದವರಿಗೆ ಇದು ಅಪರಿಚಿತವಲ್ಲ. ಆವರಿಕೆ ಎಂಬುದೂ ಇದರ ಕನ್ನಡದ ಹೆಸರೇ. ತಂಗೇಡು ಎಂದು ಕರೆಯುವ ತೆಲುಗರು ಬತುಕಮ್ಮ ಹಬ್ಬದಲ್ಲಿ ಇದರ ಹೂಗಳನ್ನು ಗೋಪುರದಂತೆ ಪೇರಿಸಿ ಪೂಜಿಸುತ್ತಾರೆ. 2014ರಲ್ಲಿ ತೆಲಂಗಾಣವು ಇದನ್ನು ತನ್ನ ರಾಜ್ಯಪುಷ್ಪವೆಂದು ಘೋಷಿಸಿತು. ಸಸ್ಯಶಾಸ್ತ್ರಜ್ಞರು ಇದಕ್ಕಿತ್ತ ನಾಮಧೇಯ ಸೆನ್ನಾ ಆರಿಕ್ಯುಲಾಟಾ. ಆಡುಕುರಿಗಳು ಇದರ ಎಲೆಯನ್ನು ಅಷ್ಟಾಗಿ ಮುಟ್ಟವಾದುದರಿಂದ ಮೇವಿನ ಬಯಲಿನಲ್ಲಿಯೂ ಇದು ಉಳಿದುಕೊಳ್ಳುತ್ತದೆ.

ಹೂವು ಮತ್ತು ದುಂಬಿ

ಈ ಹೊಂಬಣ್ಣದ ಹೂವಿನಲ್ಲಿ ಮಕರಂದವಿಲ್ಲ; ಪರಾಗವೇ ಅತಿಥಿಗೆ ದೊರೆಯುವ ಉಡುಗೊರೆ. ಪರಾಗಕೋಶಗಳು ಪೂರ್ತಿ ಬಿರಿಯದೆ ತುದಿಯಲ್ಲಿ ಕಿರುರಂಧ್ರವನ್ನು ಮಾತ್ರ ತೆರೆಯುತ್ತವೆ. ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಯು ಹೂವನ್ನು ಅಪ್ಪಿ ಹಿಡಿದು, ಝೇಂಕರಿಸುತ್ತ ಮೈಯನ್ನು ಅದುರಿಸಿದಾಗ ಪರಾಗವು ಹೊರಚಿಮ್ಮುತ್ತದೆ. ಜೇನುನೊಣವು ಈ ವಿದ್ಯೆಯನ್ನರಿಯದು. ಉದುರಿದುದನ್ನು ಆಯ್ದುಕೊಂಡು ತೃಪ್ತಿಪಡುತ್ತದೆ. ಎಲೆದಿಂಡಿನ ಮೇಲಿನ ಸೂಕ್ಷ್ಮಗ್ರಂಥಿಗಳು ಸಿಹಿರಸವನ್ನು ಒಸರುವುದರಿಂದ ಇರುವೆಗಳಿಗೂ ಇಲ್ಲಿ ಆತಿಥ್ಯವುಂಟು.

ಎಲೆ ಮತ್ತು ಚಿಟ್ಟೆ

ಆಂಗ್ಲ ಭಾಷೆಯಲ್ಲಿ ‘ಎಮಿಗ್ರೆಂಟ್’, ಅರ್ಥಾತ್ ವಲಸೆಗಾರ ಎನಿಸಿಕೊಂಡ ತಿಳಿಹಳದಿ, ಹಸಿರುಬಿಳುಪು ಬಣ್ಣದ ಚಿಟ್ಟೆಗಳು ಈ ಜಾತಿಯ ಗಿಡಗಳ ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಹಸಿರು ಮರಿಹುಳುಗಳು ಎಲೆಯನ್ನು ಮೆದ್ದು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಹಕ್ಕಿಗಳ ಪಾಲಾದರೆ, ಉಳಿದವು ರೆಕ್ಕೆ ಪಡೆದು ಹಾರಿಹೋಗುತ್ತವೆ. ಪೊದೆಯು ಅಳಿದರೆ ಈ ವಲಸೆಗಾರರ ತೊಟ್ಟಿಲೇ ಅಳಿದಂತೆ.

ಔಷಧಿಯಾಗಿ ತಂಗಡಿ

ಒಣಗಿಸಿದ ಹೂವಿನ ಕಷಾಯವನ್ನು ಮಧುಮೇಹಕ್ಕೆ ಬಳಸುವ ರೂಢಿ ಬಹುಕಾಲದ್ದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ರಕ್ತದ ಸಕ್ಕರೆಯನ್ನು ತಗ್ಗಿಸಿದುದುಂಟು. ಆದರೆ ಇದನ್ನೇ ನೆಚ್ಚಿ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವುದು ಅಪಾಯಕರ. ಔಷಧಿಯೊಡನೆ ಕಷಾಯವನ್ನೂ ಸೇವಿಸಿದರೆ ಸಕ್ಕರೆಯು ಮಿತಿಮೀರಿ ಇಳಿಯಬಹುದು. 1981ರಲ್ಲಿ ಪ್ರಕಟವಾದ ಶ್ರೀಲಂಕಾದ ವಿಜ್ಞಾನಿಗಳ ಅಧ್ಯಯನವೊಂದು ಯಕೃತ್ತಿಗೆ ಹಾನಿಕರವಾದ ಅಂಶಗಳು ಈ ಗಿಡದಲ್ಲಿರುವುದನ್ನು ತಿಳಿಸಿದೆ. ಆದುದರಿಂದ ಇದನ್ನು ಸೇವಿಸುವವರು, ವಿಶೇಷವಾಗಿ ಗರ್ಭಿಣಿಯರು, ಮೊದಲು ವೈದ್ಯರನ್ನು ವಿಚಾರಿಸುವುದು ಲೇಸು.

ನಮ್ಮ ಕರ್ತವ್ಯ

ಬರಗಾಲವನ್ನು ಗೆಲ್ಲಬಲ್ಲ ಈ ಗಿಡವು ಬಂಡೆಯನ್ನು ಸಿಡಿಸಿ ನೆಲವನ್ನು ಸಮತಟ್ಟು ಮಾಡುವ ಯಂತ್ರವನ್ನು ಗೆಲ್ಲಲಾರದು. ಅದರ ನೆಲೆಯನ್ನು ಕಸಿಯುತ್ತಿರುವ ವಸತಿಗಳಲ್ಲಿ ವಾಸಿಸುತ್ತಿರುವ ನಾವೇ ಅದಕ್ಕೆ ಒಂದಿಷ್ಟು ಸ್ಥಳವನ್ನು ಹಿಂದಿರುಗಿಸಬಹುದು. ಬೀಜದ ಸಿಪ್ಪೆಯು ಗಡುಸಾದುದರಿಂದ, ಅದನ್ನು ತುಸು ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮಳೆಗಾಲದ ಆರಂಭದಲ್ಲಿ ಬಿಸಿಲು ಬೀಳುವ ಅಂಚಿನಲ್ಲಿ ಬಿತ್ತಿರಿ. ಎಲೆ ತಿಂದ ಹುಳುವಿಗೆ ವಿಷ ಸಿಂಪಡಿಸದಿರಿ. ಹಬ್ಬಕ್ಕೆ ಹೂ ಕೊಯ್ಯುವಾಗ ದುಂಬಿಗೂ ನಾಲ್ಕು ಗೊಂಚಲು ಉಳಿಸಿರಿ. ಅಷ್ಟು ಮಾಡಿದರೆ ಮಿಕ್ಕುದನ್ನು ತಂಗಡಿಯೇ ನೋಡಿಕೊಳ್ಳುವುದು.