ಕಾಫಿ ಹಾಕದಿದ್ದರೆ ತಿರಾಮಿಸು ಮಕ್ಕಳಿಗೂ ಗರ್ಭಿಣಿಯರಿಗೂ ಸುರಕ್ಷಿತವೇ?

ಪೂರ್ತಿ ಅಲ್ಲ. ಕಾಫಿಗಿಂತ ಹೆಚ್ಚು ಎಚ್ಚರ ಬೇಕಿರುವುದು ಹಸಿ ಮೊಟ್ಟೆಯ ಬಗ್ಗೆ.

ತಿರಾಮಿಸು ಇಟಲಿಯ ಸಿಹಿತಿಂಡಿ. ಟ್ರೆವಿಸೊ ನಗರದ ಲೆ ಬೆಕ್ಕೆರಿಯೆ ಎಂಬ ರೆಸ್ಟೋರೆಂಟ್‌ನಿಂದ 1970ರ ದಶಕದಲ್ಲಿ ಹೆಸರಾಯಿತು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಅದರ ಮೇಲೆ ಮೊಟ್ಟೆ, ಸಕ್ಕರೆ, ಮಸ್ಕರ್ಪೋನೆ ಚೀಸ್ ಸೇರಿಸಿದ ಕ್ರೀಮ್, ಕೊನೆಗೆ ಕೋಕೋ ಪುಡಿ.

ಕಾಫಿಯನ್ನು ಬದಲಿಸುವುದು ಕಷ್ಟವಲ್ಲ. ಅದು ಬಿಸ್ಕತ್ತನ್ನು ನೆನೆಸುತ್ತದೆ, ಜೊತೆಗೆ ತನ್ನ ಕಹಿಯಿಂದ ಕ್ರೀಮಿನ ಸಿಹಿಯನ್ನು ತಗ್ಗಿಸುತ್ತದೆ. ಹಾಗಾಗಿ ಬರೀ ಹಾಲಿನಲ್ಲಿ ಅದ್ದಿದರೆ ಸಪ್ಪೆ ಎನಿಸುತ್ತದೆ. ಕಹಿಯ ಜಾಗಕ್ಕೆ ಹುಳಿ ಬಂದರೆ ಸರಿಹೋಗುತ್ತದೆ: ಕಿತ್ತಳೆ ರಸ, ಅಥವಾ ನಿಂಬೆ ಹಿಂಡಿದ ಸ್ಟ್ರಾಬೆರಿ ರಸ. ಸ್ಟ್ರಾಬೆರಿ ತಿರಾಮಿಸು ಇಟಲಿಯಲ್ಲೇ ಮಾಡುತ್ತಾರೆ. ಆದರೆ ಮಾಚಾ ಹಾಕಿ 'ಕೆಫೀನ್ ಇಲ್ಲ' ಎನ್ನಬೇಡಿ, ಅದೂ ಚಹಾ ಎಲೆಯೇ! ಕೋಕೋದಲ್ಲೂ ಸ್ವಲ್ಪ ಕೆಫೀನ್ ಇರುತ್ತದೆ.

ಇನ್ನು ಮೊಟ್ಟೆ. ಸಾಂಪ್ರದಾಯಿಕ ವಿಧಾನದಲ್ಲಿ ಅದನ್ನು ಬೇಯಿಸುವುದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಫ್ರಿಜ್ ಅದರ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅದನ್ನು ಕೊಲ್ಲುವುದಿಲ್ಲ. ವಾಂತಿ, ಭೇದಿ, ಜ್ವರ ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಬೇಗ ಸುಸ್ತು ಮಾಡುತ್ತವೆ; ಗರ್ಭಿಣಿಯರಿಗೂ ಇದು ಒಳ್ಳೆಯದಲ್ಲ.

ಪರಿಹಾರ ಅಡುಗೆಮನೆಯಲ್ಲೇ ಇದೆ. ಹಳದಿ ಭಾಗ ಮತ್ತು ಸಕ್ಕರೆ ಇರುವ ಪಾತ್ರೆಯನ್ನು ಕುದಿಯುವ ನೀರಿನ ಹಬೆಯ ಮೇಲಿಟ್ಟು, 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕದಡುತ್ತಿರಿ. ಕೈ ನಿಲ್ಲಿಸಿದರೆ ಮೊಟ್ಟೆ ಗಂಟುಕಟ್ಟುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಮೊಟ್ಟೆಯನ್ನೇ ಬಿಟ್ಟು, ಗಟ್ಟಿಯಾಗಿ ಕಡೆದ ಕ್ರೀಮ್ ಬಳಸಿ. ಮಸ್ಕರ್ಪೋನೆ ಡಬ್ಬಿಯ ಮೇಲೆ 'ಪಾಶ್ಚರೀಕರಿಸಿದ್ದು' ಎಂದಿದೆಯೇ ನೋಡಿ.

ಹೋಟೆಲಿನಲ್ಲಿ ತರಿಸಿಕೊಳ್ಳುವುದಾದರೆ ಮೊಟ್ಟೆಯ ಜೊತೆಗೆ ಮದ್ಯದ ಬಗ್ಗೆಯೂ ಕೇಳಿ. ಹಲವರು ಮಾರ್ಸಾಲಾ ವೈನ್ ಅಥವಾ ರಮ್ ಬೆರೆಸುತ್ತಾರೆ.