ಹಾಡು ಊರೂರು ತಿರುಗುತ್ತದೆ



ನಿಮಗೆ ಸೋಬಾನೆ ಪದ ಕಲಿಸಿದವರು ಯಾರು? ಅವ್ವ ಇರಬೇಕು. ಇಲ್ಲವೇ ಅಜ್ಜಿ. ನಾಟಿ ಗದ್ದೆಯಲ್ಲಿ, ಮದುವೆ ಮನೆಯಲ್ಲಿ ಕೇಳಿ ಕೇಳಿ ಕಲಿತಿರಿ. ತವರಿನ ಹಾಡನ್ನು ಗಂಡನ ಊರಿಗೆ ತಂದಿರಿ. ಅಲ್ಲಿಯ ಹೆಂಗಸರು ನಿಮ್ಮಿಂದ ಕಲಿತರು. ಹಾಡು ಹೀಗೆ ಊರೂರು ತಿರುಗುತ್ತಿತ್ತು. ಆಮೇಲೆ ರೇಡಿಯೋ ಬಂತು, ಕ್ಯಾಸೆಟ್ ಬಂತು. ಈಗ ಮೊಬೈಲ್ ಫೋನು ಬಂದಿದೆ.

ಫೋನಿನಲ್ಲಿ ಹಾಡು ಹೇಗೆ ತಿರುಗುತ್ತದೆ? ಒಬ್ಬರು ಹಾಡುತ್ತಾರೆ. ಇನ್ನೊಬ್ಬರು ವಿಡಿಯೋ ತೆಗೆದು ಫೇಸ್‌ಬುಕ್ಕಿಗೋ ಯೂಟ್ಯೂಬಿಗೋ ಹಾಕುತ್ತಾರೆ. ಇದಕ್ಕೆ ಪೋಸ್ಟ್ ಮಾಡೋದು ಅಂತಾರೆ. ಅಂಚೆಯ ಪೋಸ್ಟ್ ಅಲ್ಲ ಇದು! ಅಂಚೆ ಕಾಗದ ಒಬ್ಬರಿಗೆ ಮಾತ್ರ ಹೋಗುತ್ತದೆ. ಇದು ಪಂಚಾಯ್ತಿ ಗೋಡೆಗೆ ಅಂಟಿಸಿದ ಕಾಗದದ ಹಾಗೆ. ಹೋಗೋರು ಬರೋರು ಎಲ್ಲರೂ ನೋಡಬಹುದು. ಮೆಚ್ಚಿದವರು ತಮ್ಮ ನೆಂಟರಿಗೆ ಕಳಿಸುತ್ತಾರೆ. ಅದು ಶೇರ್. ಅವರು ಮತ್ತೆ ಹತ್ತು ಜನಕ್ಕೆ ಕಳಿಸುತ್ತಾರೆ.

ನೀವು ಒಂದು ಜಾನಪದ ಹಾಡನ್ನು ಕೊನೆತನಕ ಕೇಳಿ ನೋಡಿ. ಯೂಟ್ಯೂಬ್ ಅದನ್ನು ಗುರುತು ಇಟ್ಟುಕೊಳ್ಳುತ್ತದೆ. ಅಂಥದ್ದೇ ಇನ್ನೊಂದು ಹಾಡು ನಿಮ್ಮ ಮುಂದೆ ತರುತ್ತದೆ. ಸೀರೆ ಅಂಗಡಿಯವನು ನಿಮಗೆ ಹಿಡಿಸಿದ ಬಣ್ಣ ನೋಡಿ ಇನ್ನೂ ನಾಲ್ಕು ಸೀರೆ ಬಿಡಿಸುತ್ತಾನಲ್ಲ, ಹಾಗೆ. ಅವನಿಗೆ ವ್ಯಾಪಾರ ಆಗಬೇಕು. ಇವರಿಗೂ ಅಷ್ಟೇ. ನೀವು ನೋಡಿದಷ್ಟೂ ಜಾಹೀರಾತು ತೋರಿಸಿ ದುಡ್ಡು ಮಾಡುತ್ತಾರೆ.

ಈಗ ಪಶ್ಚಿಮ ಬಂಗಾಳದ ಒಂದು ಸಂಗತಿ ಕೇಳಿ. ಅಲ್ಲಿ ಬೀರ್‌ಭೂಮ್ ಎಂಬ ಜಿಲ್ಲೆ ಇದೆ. ಭುವನ್ ಬಾದ್ಯಕರ್ ಎಂಬವರು ಅಲ್ಲಿ ಹಳ್ಳಿ ಹಳ್ಳಿ ತಿರುಗಿ ಹುರಿಯದ ಕಡಲೆಕಾಯಿ ಮಾರುತ್ತಿದ್ದರು. ದುಡ್ಡೇ ಬೇಕೆಂದಿಲ್ಲ. ಹಳೆಯ ಕಾಲುಗೆಜ್ಜೆ, ಕೆಟ್ಟ ಮೊಬೈಲ್ ಕೊಟ್ಟರೂ ಸರಿ, ಕಡಲೆಕಾಯಿ ಕೊಡುತ್ತಿದ್ದರು. ಜನರನ್ನು ಕರೆಯಲು ತಾವೇ ಒಂದು ಹಾಡು ಕಟ್ಟಿದ್ದರು. ಅದೇ ‘ಕಾಚಾ ಬಾದಾಮ್’. 2021ರಲ್ಲಿ ಯಾರೋ ಅದರ ವಿಡಿಯೋ ತೆಗೆದು ಹಾಕಿದರು. 2022ರ ಹೊತ್ತಿಗೆ ದೇಶದ ತುಂಬ ಆ ಹಾಡು! ಬಂಗಾಳಿ ಬಾರದವರೂ ಅದಕ್ಕೆ ಕುಣಿದು ತಮ್ಮ ವಿಡಿಯೋ ಹಾಕಿದರು.

ದುಡ್ಡು ಯಾರಿಗೆ ಬಂತು? ಮೊದಲು ಬೇರೆಯವರಿಗೆ. ಹಾಡು ಕಟ್ಟಿದವರು ಇನ್ನೂ ಕಡಲೆಕಾಯಿ ಮಾರುತ್ತಲೇ ಇದ್ದರು. ಅವರು ಪೊಲೀಸರ ಹತ್ತಿರವೂ ಹೋದರು. 2022ರಲ್ಲಿ ಒಂದು ಕಂಪನಿ ಅವರಿಗೆ 3 ಲಕ್ಷ ರೂಪಾಯಿ ಕೊಟ್ಟಿತು. ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ತಮ್ಮ ಹಾಡನ್ನು ತಾವೇ ಹಾಡಿ ಹಾಕಿದರೂ ಹಕ್ಕಿನ ತಕರಾರು ಬರುತ್ತಿದೆ ಎಂದು ಅವರು 2023ರಲ್ಲಿ ದೂರಿದರು. ಸಹಿ ಹಾಕಿದ ಕಾಗದದಲ್ಲಿ ಏನು ಬರೆದಿದೆ ಎಂದು ತಮಗೆ ತಿಳಿದಿರಲಿಲ್ಲ ಎಂದರು.

ನಮ್ಮ ಹೆಂಗಸರ ಬಾಯಲ್ಲಿ ಎಷ್ಟು ಹಾಡಿವೆ! ನಾಳೆ ಯಾರಾದರೂ ಬಂದು, ‘ಅವ್ವಾ, ಒಂದು ಪದ ಹಾಡು’ ಅಂತ ಫೋನು ಹಿಡಿಯಬಹುದು. ಹಾಡಿ, ನಾಚಿಕೆ ಏಕೆ? ಎಲ್ಲಿ ಹಾಕುತ್ತೀಯಪ್ಪಾ ಅಂತ ಮೊದಲು ಕೇಳಿ. ನನ್ನ ಹೆಸರು, ನನ್ನ ಊರು ಬರೆಯುತ್ತೀಯಾ ಅಂತ ಕೇಳಿ. ಬೇಡ ಅನ್ನಿಸಿದರೆ ಬೇಡ ಅನ್ನಿ. ಕಾಗದ ಕೊಟ್ಟರೆ ಅವಸರ ಮಾಡಬೇಡಿ. ಮನೆಗೆ ತಂದು ಅಕ್ಷರ ಅಕ್ಷರ ಕೂಡಿಸಿ ಓದಿ. ಇಂಗ್ಲಿಷಿನಲ್ಲಿದ್ದರೆ ನಂಬಿಕೆಯವರಿಂದ ಓದಿಸಿ ಕೇಳಿ. ಆಮೇಲೆ ಸಹಿಯ ಮಾತು.

ನೀವು ಬೇರೆಯವರ ಹಾಡು ಕಳಿಸುವಾಗಲೂ ವಿಡಿಯೋದ ಕೆಳಗಿನ ಸಾಲು ಓದಿ ನೋಡಿ. ಹಾಡಿದವರ ಹೆಸರು ಇದೆಯೇ? ಎಷ್ಟೋ ಕಡೆ ಇರುವುದಿಲ್ಲ. ನಿಮಗೆ ಗೊತ್ತಿದ್ದರೆ ನೀವೇ ಬರೆದು ಕಳಿಸಿ.

ಅಂಕೋಲಾ ತಾಲ್ಲೂಕಿನ ಬಡಿಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಎಂಬ ಅಜ್ಜಿ ಇದ್ದರು. ಹಾಲಕ್ಕಿ ಜನರ ಹಾಡುಗಳ ಕಣಜ ಅವರು. ಸಾರಾಯಿ ವಿರುದ್ಧವೂ ಹೋರಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು. ಅವರ ದನಿ ಫೋನಿನಲ್ಲಿ ಈಗಲೂ ಸಿಗುತ್ತದೆ. ಯೂಟ್ಯೂಬಿನಲ್ಲಿ ಮೈಕಿನ ಗುರುತು ಒತ್ತಿ, ಅವರ ಹೆಸರನ್ನು ಬಾಯಲ್ಲೇ ಹೇಳಬಹುದು. ಆದರೆ ಬೆರಳಲ್ಲಿ ಒತ್ತಿ ಬರೆದೇ ಹುಡುಕಿ. ಸುಕ್ರಿ. ಎರಡೇ ಅಕ್ಷರ, ಒಂದು ಒತ್ತು.